ಬ್ಯಾಕ್ಟೀರಿಯಾ ಹೇಗೆ ಅಂಟುತ್ತವೆ ಎಂದು ನೋಡಲು ಸಕ್ಕರೆ ಅಣು ತಯಾರಿಸುವುದು: ನಮ್ಮ ಕಾಲೇಜು ಲ್ಯಾಬ್‌ಗಳಿಗೆ ಒಂದು ಮಾರ್ಗದರ್ಶಿ

ಪ್ರತಿ ವರ್ಷ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಎಂ.ಎಸ್ಸಿ. ವಿದ್ಯಾರ್ಥಿಗಳು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಸಾರ್, ಬ್ಯಾಕ್ಟೀರಿಯಾ ಅಂಟದ ಹಾಗೆ ತಡೆಯುವ ಸಕ್ಕರೆ ಅಣು ಮಾಡಬೇಕು. ನಮ್ಮ ಲ್ಯಾಬ್‌ನಲ್ಲಿ ಆಗುತ್ತಾ?" ಆಗುತ್ತದೆ. ದೊಡ್ಡ ಉಪಕರಣ ಬೇಕಿಲ್ಲ. ಆದರೆ ತಪ್ಪುವ ಜಾಗಗಳು ತುಂಬಾ ಇವೆ, ಎಲ್ಲರೂ ತಪ್ಪುವುದು ಹೆಚ್ಚುಕಡಿಮೆ ಅದೇ ನಾಲ್ಕೈದು ಕಡೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಈ ಅಂಟುವಿಕೆಯನ್ನು ನೀವು ಈಗಾಗಲೇ ನೋಡಿರುತ್ತೀರಿ. ದ್ರಾಕ್ಷಿ ತೋಟದ ಹಳೇ ಡ್ರಿಪ್ ಪೈಪನ್ನು ಕತ್ತರಿಸಿದರೆ ಒಳಗೆ ಲೋಳೆ ಸಿಗುತ್ತದೆ ಅಲ್ವಾ? ಸರಿಯಾಗಿ ತೊಳೆಯದ ಹಾಲಿನ ಕ್ಯಾನಿನ ಮೂಲೆಯಲ್ಲೂ ಅದೇ. ಆಸ್ಪತ್ರೆಯ ಮೂತ್ರದ ಕ್ಯಾತಿಟರ್ ಒಳಗೂ ಅದೇ. ಬ್ಯಾಕ್ಟೀರಿಯಾ ಮೊದಲು ಅಂಟುತ್ತವೆ, ಆಮೇಲೆ ಬೆಳೆದು ಪದರ ಕಟ್ಟುತ್ತವೆ. ಆ ಮೊದಲ ಅಂಟುವಿಕೆಯಲ್ಲಿ ಎಷ್ಟೋ ಬ್ಯಾಕ್ಟೀರಿಯಾಗಳಿಗೆ ಸಕ್ಕರೆಯೇ ಹಿಡಿಕೆ. ಇದು ಅಡುಗೆಮನೆಯ ಸಕ್ಕರೆಯಲ್ಲ. ನಮ್ಮ ಜೀವಕೋಶಗಳ ಮೈಮೇಲೆ ಸಣ್ಣ ಸಣ್ಣ ಕೊಂಬೆಗಳ ಹಾಗೆ ಇರುವ ಸಕ್ಕರೆ ಸರಪಳಿಗಳು.

ಇ. ಕೋಲಿ ಬ್ಯಾಕ್ಟೀರಿಯಾದ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ, ಅವುಗಳಿಗೆ ಫಿಂಬ್ರಿಯಾ ಎನ್ನುತ್ತಾರೆ. ಅವುಗಳ ಪೈಕಿ ಮೊದಲ ಬಗೆಯ ಎಳೆಯ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನ್ ಕೂತಿರುತ್ತದೆ. ಅದು ಮ್ಯಾನೋಸ್ ಎಂಬ ಸಕ್ಕರೆಯನ್ನು ಹುಡುಕಿ ಹಿಡಿಯುತ್ತದೆ. ಹೀಗೆ ಸಕ್ಕರೆಯನ್ನು ಗುರುತಿಸಿ ಹಿಡಿಯುವ ಪ್ರೋಟೀನಿಗೆ ಲೆಕ್ಟಿನ್ ಎಂದು ಹೆಸರು. ಲೆಕ್ಟಿನ್ ನಮಗೆ ಹೊಸದೇನಲ್ಲ. ಹುರುಳಿಯಲ್ಲಿ ಒಂದಿದೆ, ಎ1 ಗುಂಪಿನ ರಕ್ತವನ್ನು ಗುರುತಿಸಲು ಅದನ್ನೇ ಬಳಸುತ್ತಾರೆ. ಕಡಲೆಕಾಯಿಯಲ್ಲಿ ಒಂದಿದೆ, ಹಲಸಿನ ಬೀಜದಲ್ಲಿ ಜ್ಯಾಕಲಿನ್ ಇದೆ. ಕಡಲೆಕಾಯಿ ಲೆಕ್ಟಿನ್ ಮತ್ತು ಜ್ಯಾಕಲಿನ್ ಎರಡರ ರಚನೆಯನ್ನೂ 1990ರ ದಶಕದಲ್ಲಿ ಬಿಡಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎಂ. ವಿಜಯನ್ ಅವರ ತಂಡ. ಪಾವಗಡದ ಕಡಲೆಕಾಯಿ, ಗುಬ್ಬಿ ಕಡೆಯ ಹಲಸು ತಿಂದು ಬೆಳೆದವರಿಗೆ ಈ ವಿಷಯ ಅಷ್ಟೊಂದು ದೂರದ್ದಲ್ಲ ಅಂತ ಹೇಳಲು ಇಷ್ಟು ಬರೆದೆ.

ಕೆಲಸದ ಉಪಾಯ ಸರಳ. ಬ್ಯಾಕ್ಟೀರಿಯಾ ಹಿಡಿಯಬೇಕಾದ ಮ್ಯಾನೋಸನ್ನು ನಾವೇ ಬಿಡಿಯಾಗಿ ಕೊಟ್ಟರೆ ಅದರ ಕೈ ಮೊದಲೇ ತುಂಬಿಹೋಗುತ್ತದೆ, ಮೇಲ್ಮೈಗೆ ಅಂಟುವುದಿಲ್ಲ. ಎಷ್ಟು ಕೊಟ್ಟರೆ ಅಂಟುವಿಕೆ ಅರ್ಧಕ್ಕೆ ಇಳಿಯುತ್ತದೆ ಎಂದು ಅಳೆಯುವುದೇ ನಮ್ಮ ಪ್ರಯೋಗ. ಆ ಅರ್ಧಕ್ಕಿಳಿಸುವ ಪ್ರಮಾಣಕ್ಕೆ ಐಸಿ50 ಎನ್ನುತ್ತಾರೆ.

ಯಾವ ಅಣು ಮಾಡಬೇಕು?

ಇದನ್ನು ಮೊದಲೇ ತೀರ್ಮಾನ ಮಾಡಿ. ನನ್ನ ಮಾತು ಕೇಳುವುದಾದರೆ ಒಂದು ಅಣು ಮಾಡಬೇಡಿ, ಮೂರು ಮಾಡಿ.

ಮೊದಲನೆಯದು ಮೀಥೈಲ್ ಆಲ್ಫಾ ಮ್ಯಾನೋಸೈಡ್. ಮ್ಯಾನೋಸಿಗೆ ಪುಟ್ಟ ಮೀಥೈಲ್ ಬಾಲ. ಇದು ಅಳತೆಗೋಲು, ಉಳಿದ ಅಣುಗಳನ್ನು ಇದರ ಜೊತೆ ಹೋಲಿಸುತ್ತೇವೆ. ಎರಡನೆಯದು ಹೆಪ್ಟೈಲ್ ಆಲ್ಫಾ ಮ್ಯಾನೋಸೈಡ್. ಇಲ್ಲಿ ಏಳು ಕಾರ್ಬನ್‌ಗಳ ಉದ್ದ ಬಾಲ. ಫಿಮ್‌ಎಚ್ ಬಾಯಿಯ ಎರಡೂ ಪಕ್ಕ ಎಣ್ಣೆ ಗುಣದ ಅಮೈನೋ ಆಮ್ಲಗಳಿವೆ, ಈ ಬಾಲ ಹೋಗಿ ಅಲ್ಲಿ ಒರಗಿಕೊಳ್ಳುತ್ತದೆ. 2005ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಮೀಥೈಲ್ ಮ್ಯಾನೋಸೈಡ್ ಮೈಕ್ರೋಮೋಲಾರ್ ಮಟ್ಟದಲ್ಲಿ ಹಿಡಿದರೆ, ಹೆಪ್ಟೈಲ್ ಮ್ಯಾನೋಸೈಡ್ ಕೆಲವೇ ನ್ಯಾನೋಮೋಲಾರ್ ಮಟ್ಟದಲ್ಲಿ ಹಿಡಿಯಿತು. ನ್ಯಾನೋ ಅಂದರೆ ಮೈಕ್ರೋದ ಸಾವಿರದಲ್ಲೊಂದು ಪಾಲು. ಅಷ್ಟು ಕಡಿಮೆ ಪ್ರಮಾಣದಲ್ಲೇ ಹಿಡಿಯಿತು ಅಂದರೆ ಹಿಡಿತ ನೂರಾರು ಪಟ್ಟು ಗಟ್ಟಿ.

ಮೂರನೆಯದು ಹೆಪ್ಟೈಲ್ ಗ್ಯಾಲಕ್ಟೋಸೈಡ್. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಫಿಮ್‌ಎಚ್ ಗ್ಯಾಲಕ್ಟೋಸನ್ನು ಹಿಡಿಯುವುದೇ ಇಲ್ಲ ಎನ್ನಬಹುದು, ಅಷ್ಟು ದುರ್ಬಲ. ಹಾಗಾದರೆ ಯಾಕೆ ಮಾಡಬೇಕು? ಹೆಪ್ಟೈಲ್ ಮ್ಯಾನೋಸೈಡಿಗೆ ನೀರಿಗೆ ಒಗ್ಗುವ ತಲೆ, ಎಣ್ಣೆಗೆ ಒಗ್ಗುವ ಬಾಲ ಎರಡೂ ಇವೆ. ಸೋಪಿನ ಕಟ್ಟಡವೂ ಅದೇ. ಪ್ರಮಾಣ ಜಾಸ್ತಿಯಾದರೆ ಅದು ಸೋಪಿನ ಹಾಗೆ ಬ್ಯಾಕ್ಟೀರಿಯಾವನ್ನು ಸುಮ್ನೆ ತೊಳೆದುಹಾಕಿರಬಹುದು. ನೀವು ಅದನ್ನು ನೋಡಿ "ನನ್ನ ಅಣು ಕೆಲಸ ಮಾಡಿತು" ಎಂದು ಬರೆದುಬಿಡುತ್ತೀರಿ. ಅದೇ ಬಾಲ, ಬೇರೆ ಸಕ್ಕರೆ ಇರುವ ಅಣುವನ್ನು ಪಕ್ಕದಲ್ಲಿಟ್ಟರೆ ಮಾತ್ರ ಕೆಲಸ ಮಾಡಿದ್ದು ಸಕ್ಕರೆಯೋ ಬಾಲವೋ ಗೊತ್ತಾಗುತ್ತದೆ. ಈ ಮೂರನೆಯ ಅಣು ಇಲ್ಲದ ಪ್ರಾಜೆಕ್ಟ್ ವರದಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಏನೇನು ಬೇಕು

ಡಿ-ಮ್ಯಾನೋಸ್, ಡಿ-ಗ್ಯಾಲಕ್ಟೋಸ್, ಅಸಿಟಿಕ್ ಅನ್‌ಹೈಡ್ರೈಡ್, ಅಯೋಡಿನ್, ನೀರಿಲ್ಲದ ಸೋಡಿಯಂ ಅಸಿಟೇಟ್, 1-ಹೆಪ್ಟನಾಲ್, ಬೋರಾನ್ ಟ್ರೈಫ್ಲೋರೈಡ್ ಈಥರೇಟ್, ಒಣ ಡೈಕ್ಲೋರೋಮೀಥೇನ್, ಒಣ ಮೆಥನಾಲ್, ಸೋಡಿಯಂ ಮೆಥಾಕ್ಸೈಡ್, ಆಮ್ಲ ರೂಪದ ಅಯಾನ್ ವಿನಿಮಯ ರೆಸಿನ್, ಕಾಲಂಗೆ (ಮಿಶ್ರಣವನ್ನು ಬೇರ್ಪಡಿಸುವ ಕೊಳವೆಗೆ) ಸಿಲಿಕಾ, ಟಿಎಲ್‌ಸಿ ಹಾಳೆಗಳು (ಹನಿಯಲ್ಲಿರುವ ಪದಾರ್ಥಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಹಾಳೆ). ಉಪಕರಣದಲ್ಲಿ ಹೊಗೆ ಎಳೆದುಕೊಳ್ಳುವ ಫ್ಯೂಮ್ ಹುಡ್ ಮತ್ತು ದ್ರಾವಕ ಆವಿ ಮಾಡಿ ತೆಗೆಯುವ ರೋಟರಿ ಇವಾಪೊರೇಟರ್ ಇರಲೇಬೇಕು. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಉಪಕರಣ ನಮ್ಮಲ್ಲಿ ಎಲ್ಲಾ ಕಡೆ ಇಲ್ಲ, ಬೆಂಗಳೂರಿಗೆ ಸ್ಯಾಂಪಲ್ ಕಳಿಸಬೇಕಾಗುತ್ತದೆ, ಅದರ ಹಣ ಮತ್ತು ಸಮಯವನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ.

ಒಂದು ವಿಷಯ ನೆನಪಿಡಿ. ಅಸಿಟಿಕ್ ಅನ್‌ಹೈಡ್ರೈಡ್ ನಮ್ಮ ದೇಶದಲ್ಲಿ ಮಾದಕವಸ್ತು ಕಾನೂನಿನಡಿ ನಿಯಂತ್ರಿತ ವಸ್ತು. ಕಾಲೇಜಿನ ಮೂಲಕವೇ ತರಿಸಿ, ಎಷ್ಟು ಬಳಸಿದಿರಿ ಎಂದು ರಿಜಿಸ್ಟರಿನಲ್ಲಿ ಬರೆಯಿರಿ. ಪಕ್ಕದ ಕಾಲೇಜಿನಿಂದ ಬಾಟಲಿಯಲ್ಲಿ ಸ್ವಲ್ಪ ಸಾಲ ತರುವ ಅಭ್ಯಾಸ ಇದ್ದರೆ ಬಿಡಿ.

ಇನ್ನು ನೀರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೋರ್‌ವೆಲ್ ನೀರು ಗಡಸು, ಫ್ಲೋರೈಡೂ ಜಾಸ್ತಿ. ಗಾಜನ್ನು ಕೊನೆಯ ಸಲ ತೊಳೆಯುವುದಕ್ಕೆ, ಬಫರ್ ಮಾಡುವುದಕ್ಕೆ ಡಿಸ್ಟಿಲ್ಡ್ ನೀರೇ ಇರಲಿ.

ಹಂತ 1: ಮೀಥೈಲ್ ಮ್ಯಾನೋಸೈಡಿನಿಂದ ಕೈ ಪಳಗಿಸಿ

ಇದು ಎಮಿಲ್ ಫಿಷರ್ 1890ರ ದಶಕದಲ್ಲಿ ತೋರಿಸಿದ ದಾರಿ. ಸಕ್ಕರೆ, ಆಲ್ಕೋಹಾಲು, ಸ್ವಲ್ಪ ಆಮ್ಲ, ಬಿಸಿ. ಅಷ್ಟೇ.

5 ಗ್ರಾಂ ಮ್ಯಾನೋಸ್, 50 ಮಿ.ಲೀ. ಒಣ ಮೆಥನಾಲ್, ಚೆನ್ನಾಗಿ ಒಣಗಿಸಿದ 2.5 ಗ್ರಾಂ ಆಮ್ಲ ರೆಸಿನ್. ಕಂಡೆನ್ಸರ್ ಹಾಕಿ ಮೆಲ್ಲಗೆ ಕುದಿಸಿ. ಮ್ಯಾನೋಸ್ ಕರಗುತ್ತಾ ಹೋಗುತ್ತದೆ. ಟಿಎಲ್‌ಸಿ ನೋಡುತ್ತಾ ಒಂದು ದಿನದವರೆಗೆ ಬಿಡಬಹುದು. ಅವಸರ ಬೇಡ, ಯಾಕೆಂದರೆ ಮೊದಲು ಐದು ಸದಸ್ಯರ ಉಂಗುರದ ರೂಪ ಹುಟ್ಟುತ್ತದೆ, ಹೊತ್ತು ಕಳೆದ ಹಾಗೆ ಅದು ನಮಗೆ ಬೇಕಾದ ಆರು ಸದಸ್ಯರ ಉಂಗುರಕ್ಕೆ ತಿರುಗುತ್ತದೆ. ಆಮೇಲೆ ರೆಸಿನ್ ಸೋಸಿ, ಮೆಥನಾಲ್ ತೆಗೆದು, ಬಿಸಿ ಎಥನಾಲಿನಲ್ಲಿ ಕರಗಿಸಿ ತಣ್ಣಗಾಗಲು ಬಿಡಿ. ಬಿಳಿ ಹರಳು ಕೂರುತ್ತದೆ. ಕರಗುವ ಬಿಂದು ಸುಮಾರು 190 ಡಿಗ್ರಿಗಿಂತ ಮೇಲೆ ಬರಬೇಕು.

ಇಲ್ಲಿ ತಪ್ಪುವುದು ಒಂದೇ ಕಡೆ, ತೇವ. ಬಾಟಲಿ ತೆರೆದು ತಿಂಗಳಾದ ಮೆಥನಾಲ್ ಹಾಕಿದರೆ ಪ್ರತಿಕ್ರಿಯೆ ಅರ್ಧದಲ್ಲೇ ನಿಲ್ಲುತ್ತದೆ.

ಹಂತ 2: ಮ್ಯಾನೋಸಿಗೆ ಅಸಿಟೈಲ್ ಹೊದಿಕೆ

ಹೆಪ್ಟನಾಲ್ ಜೊತೆ ಫಿಷರ್ ದಾರಿ ಹಿಡಿದರೆ ಮಿಶ್ರಣವಾಗಿ ಬರುತ್ತದೆ, ಬೇರ್ಪಡಿಸುವುದು ಕಷ್ಟ. ಅದಕ್ಕೆ ಸ್ವಲ್ಪ ಸುತ್ತಿನ ದಾರಿ ಒಳ್ಳೆಯದು. ಮ್ಯಾನೋಸಿನಲ್ಲಿ ಐದು ಓಎಚ್ ಗುಂಪುಗಳಿವೆ. ನಮಗೆ ಬದಲಾಯಿಸಬೇಕಾದದ್ದು ಒಂದೇ. ಐದಕ್ಕೂ ಅಸಿಟೈಲ್ ಹೊದಿಸಿ, ಆಮೇಲೆ ಬೇಕಾದದ್ದನ್ನು ಮಾತ್ರ ಕೀಳುತ್ತೇವೆ.

ಫ್ಲಾಸ್ಕಿನಲ್ಲಿ 20 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್, 250 ಮಿ.ಗ್ರಾಂ. ಅಯೋಡಿನ್. ಐಸ್ ನೀರಿನಲ್ಲಿಟ್ಟು ಕಲಕುತ್ತಾ 5 ಗ್ರಾಂ ಮ್ಯಾನೋಸನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ. ಒಟ್ಟಿಗೆ ಸುರಿಯಬೇಡಿ. ಈ ಪ್ರತಿಕ್ರಿಯೆ ಬಿಸಿ ಹುಟ್ಟಿಸುತ್ತದೆ, ಅದೂ ನಮ್ಮ ಏಪ್ರಿಲ್ ಮೇ ತಿಂಗಳಲ್ಲಿ ಐಸ್ ಇಲ್ಲದೆ ಮಾಡಿದರೆ ಅನ್‌ಹೈಡ್ರೈಡ್ ಕುದಿದು ಮೇಲೆ ಬರುವ ಅಪಾಯ ಇದೆ. ಪುಡಿ ಎಲ್ಲಾ ಕರಗಿ ಕಂದು ದ್ರಾವಣ ಆದಮೇಲೆ ಟಿಎಲ್‌ಸಿ ನೋಡಿ. ಅದಕ್ಕೆ ದ್ರಾವಕ ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ಸಮಭಾಗ. ಮ್ಯಾನೋಸ್ ಕೆಳಗೇ ಕೂತಿರುತ್ತದೆ, ಪೂರ್ತಿ ಹೊದಿಕೆಯಾದದ್ದು ಮೇಲೆ ಹೋಗುತ್ತದೆ.

ಸಕ್ಕರೆ ಯುವಿ ಬೆಳಕಿಗೆ ಕಾಣುವುದಿಲ್ಲ. ಟಿಎಲ್‌ಸಿ ಹಾಳೆಯನ್ನು ಎಥನಾಲಿನಲ್ಲಿ ಕಲಸಿದ ಶೇ. 10ರ ಗಂಧಕಾಮ್ಲದಲ್ಲಿ ಅದ್ದಿ ಬಿಸಿ ಮಾಡಬೇಕು, ಆಗ ಕಪ್ಪು ಚುಕ್ಕೆ ಮೂಡುತ್ತದೆ. "ಯುವಿಯಲ್ಲಿ ಏನೂ ಕಾಣಲಿಲ್ಲ, ಪ್ರತಿಕ್ರಿಯೆ ಆಗಿಲ್ಲ" ಎಂದು ಒಳ್ಳೆಯ ಪದಾರ್ಥವನ್ನೇ ಚೆಲ್ಲಿದವರನ್ನು ನೋಡಿದ್ದೇನೆ.

ಮುಗಿದ ಮೇಲೆ ಡೈಕ್ಲೋರೋಮೀಥೇನ್ ಸೇರಿಸಿ, ಸೋಡಿಯಂ ಥಯೋಸಲ್ಫೇಟ್ ದ್ರಾವಣದಿಂದ ತೊಳೆಯಿರಿ. ಅಯೋಡಿನ್ ಬಣ್ಣ ಹೋಗುತ್ತದೆ. ಆಮೇಲೆ ತಣ್ಣಗಿನ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ. ಇಲ್ಲಿ ಗ್ಯಾಸ್ ಜೋರಾಗಿ ಬರುತ್ತದೆ. ಸೆಪರೇಟಿಂಗ್ ಫನಲ್ಲಿನ ಮುಚ್ಚಳ ಹಾಕುವ ಮೊದಲೇ ಬಟ್ಟಲಿನಲ್ಲಿ ಕಲಸಿ ಗುಳ್ಳೆ ನಿಂತ ಮೇಲೆ ಫನಲ್ಲಿಗೆ ಹಾಕಿ, ಅಲ್ಲಾಡಿಸುವಾಗ ಮತ್ತೆ ಮತ್ತೆ ಗ್ಯಾಸ್ ಬಿಡಿ. ಇನ್ನೊಂದು ಎಚ್ಚರಿಕೆ, ಡೈಕ್ಲೋರೋಮೀಥೇನ್ ಕುದಿಯುವುದು 40 ಡಿಗ್ರಿಗೆ. ಬೇಸಿಗೆ ಮಧ್ಯಾಹ್ನ ಲ್ಯಾಬ್ ಒಳಗಿನ ಸೆಖೆ ಅದಕ್ಕೆ ಹತ್ತಿರ ಬರುತ್ತದೆ, ಫನಲ್ ಒಳಗೆ ಒತ್ತಡ ಬೇಗ ಏರುತ್ತದೆ. ಈ ಕೆಲಸ ಬೆಳಿಗ್ಗೆ ಮಾಡಿ.

ದ್ರಾವಕ ತೆಗೆದರೆ ಉಳಿಯುವುದು ಜೇನಿನಂಥ ಗಟ್ಟಿ ಪಾಕ. ಪೂರ್ತಿ ಬಂದರೆ ಸುಮಾರು 10.8 ಗ್ರಾಂ. ಹರಳಾಗಲಿಲ್ಲ ಅಂತ ದಿನಗಟ್ಟಲೆ ಕಾಯಬೇಡಿ. ಐದೂ ಕಡೆ ಹೊದಿಕೆಯಾದ ಈ ಮ್ಯಾನೋಸ್ ಪೆಂಟಾಅಸಿಟೇಟ್ ಎಷ್ಟೋ ಸಲ ಪಾಕವಾಗಿಯೇ ಉಳಿಯುತ್ತದೆ, ಟಿಎಲ್‌ಸಿಯಲ್ಲಿ ಸರಿಯಿದ್ದರೆ ಮುಂದೆ ಹೋಗಿ.

ಹಂತ 3: ಬಾಲ ಜೋಡಿಸುವುದು

ಇಡೀ ಕೆಲಸದ ಜೀವ ಇಲ್ಲಿದೆ, ನಿಧಾನವಾಗಿ ಓದಿ.

ಸಕ್ಕರೆ ಉಂಗುರದ ಒಂದನೇ ಕಾರ್ಬನ್ನಿಗೆ ಅನೋಮರಿಕ್ ಕಾರ್ಬನ್ ಎನ್ನುತ್ತಾರೆ. ಬಾಲ ಅಲ್ಲಿಗೆ ಸೇರಬೇಕು. ಅದು ಎರಡು ದಿಕ್ಕಿನಿಂದ ಸೇರಬಹುದು, ಒಂದು ಆಲ್ಫಾ, ಇನ್ನೊಂದು ಬೀಟಾ. ಫಿಮ್‌ಎಚ್‌ಗೆ ಬೇಕಾದದ್ದು ಆಲ್ಫಾ. ಒಳ್ಳೆಯ ವಿಷಯ ಏನೆಂದರೆ ಎರಡನೇ ಕಾರ್ಬನ್ನಿನ ಮೇಲಿರುವ ಅಸಿಟೈಲ್ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಂದನೇ ಕಾರ್ಬನ್ನಿನ ಅಸಿಟೈಲ್ ಬಿಟ್ಟುಹೋದಾಗ ಪಕ್ಕದ ಈ ಅಸಿಟೈಲ್ ಬಾಗಿ ಬಂದು ತನ್ನ ಕಡೆಯ ಬಾಗಿಲನ್ನು ಮುಚ್ಚಿಬಿಡುತ್ತದೆ. ಹೆಪ್ಟನಾಲ್ ಎದುರು ಬಾಗಿಲಿನಿಂದಲೇ ಬರಬೇಕು. ಮ್ಯಾನೋಸಿನಲ್ಲಿ ಎದುರು ಬಾಗಿಲು ಎಂದರೆ ಆಲ್ಫಾ. ಗ್ಯಾಲಕ್ಟೋಸಿನಲ್ಲಿ ಅದೇ ಎದುರು ಬಾಗಿಲು ಬೀಟಾ ಆಗುತ್ತದೆ. ಇದನ್ನು ನೆರೆ ಗುಂಪಿನ ಸಹಾಯ ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ.

ಮಾಡುವ ರೀತಿ ಹೀಗೆ. 3.9 ಗ್ರಾಂ ಪೆಂಟಾಅಸಿಟೇಟ್, ಅಂದರೆ 10 ಮಿಲಿಮೋಲ್, 40 ಮಿ.ಲೀ. ಒಣ ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ. ಸುಮಾರು 2.1 ಮಿ.ಲೀ. ಹೆಪ್ಟನಾಲ್ ಹಾಕಿ, ಅದು 15 ಮಿಲಿಮೋಲ್. ನೈಟ್ರೋಜನ್ ಬಲೂನು ಕಟ್ಟಿ, ಐಸಿನಲ್ಲಿಟ್ಟು, 5 ಮಿ.ಲೀ. ಬೋರಾನ್ ಟ್ರೈಫ್ಲೋರೈಡ್ ಈಥರೇಟನ್ನು ಹನಿ ಹನಿಯಾಗಿ ಬಿಡಿ. ಆಮೇಲೆ ಕೋಣೆಯ ತಾಪಕ್ಕೆ ಬರಲು ಬಿಟ್ಟು ರಾತ್ರಿಯಿಡೀ ಕಲಕಿ. ಬೋರಾನ್ ಟ್ರೈಫ್ಲೋರೈಡ್ ಗಾಳಿಯ ತೇವ ತಾಗಿದರೆ ಹೊಗೆ ಬಿಡುತ್ತದೆ, ಆ ಹೊಗೆ ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಫ್ಯೂಮ್ ಹುಡ್ ಕೆಟ್ಟಿದ್ದರೆ ಈ ಹಂತ ಮಾಡಲೇಬೇಡಿ. ಕಿಟಕಿ ತೆರೆದಿದ್ದೇನೆ ಅನ್ನುವುದು ಉತ್ತರವಲ್ಲ.

ಬೆಳಿಗ್ಗೆ ಟಿಎಲ್‌ಸಿಯಲ್ಲಿ ಪೆಂಟಾಅಸಿಟೇಟಿಗಿಂತ ಮೇಲೆ ಹೊಸ ಚುಕ್ಕೆ ಕಾಣಬೇಕು. ಕೆಳಗೂ ಒಂದೆರಡು ಚುಕ್ಕೆ ಇರುತ್ತವೆ. ಒಂದನೇ ಕಾರ್ಬನ್ನಿನಲ್ಲಿ ಬಾಲದ ಬದಲು ನೀರು ಸೇರಿಕೊಂಡದ್ದು ಒಂದು, ಅಸಿಟೈಲ್ ಒಂದು ಕಳಚಿದ್ದು ಇನ್ನೊಂದು. ನೀರು ಸೇರಿದ್ದರ ಚುಕ್ಕೆ ದಪ್ಪಗಿದ್ದರೆ ನಿಮ್ಮ ದ್ರಾವಕ ಒದ್ದೆ ಇದ್ದಿರಬೇಕು. ಮಳೆಗಾಲದಲ್ಲಿ ಇದು ಜಾಸ್ತಿ.

ದ್ರಾವಣವನ್ನು ಐಸ್‌ನಂಥ ತಣ್ಣಗಿನ ಬೈಕಾರ್ಬೊನೇಟಿಗೆ ನಿಧಾನವಾಗಿ ಸುರಿದು ತಣಿಸಿ, ತೊಳೆದು, ಒಣಗಿಸಿ, ಕಾಲಂ ಹಾಕಿ. ಹೆಕ್ಸೇನಿನಲ್ಲಿ ಈಥೈಲ್ ಅಸಿಟೇಟನ್ನು ಮೆಲ್ಲಗೆ ಏರಿಸುತ್ತಾ ಹೋಗಿ. ಅರ್ಧದಷ್ಟು ಇಳುವರಿ ಸಿಕ್ಕರೂ ಬೇಸರ ಬೇಡ, ಈ ದಾರಿಯಲ್ಲಿ ಅದು ಮಾಮೂಲು. ಹೆಪ್ಟನಾಲಿನ ಒಂದು ಪಾಲು ಅಸಿಟೈಲನ್ನು ತಾನೇ ಕಸಿದುಕೊಂಡು ಹೆಪ್ಟೈಲ್ ಅಸಿಟೇಟ್ ಆಗಿಬಿಡುತ್ತದೆ.

ಉಳಿದ ಹೆಪ್ಟನಾಲ್ ಗಂಧಕಾಮ್ಲದಲ್ಲಿ ಸಕ್ಕರೆಯಷ್ಟು ಕಪ್ಪಾಗುವುದಿಲ್ಲ. ಕುದಿಯುವ ಬಿಂದುವೂ 176 ಡಿಗ್ರಿ, ರೋಟರಿಯಲ್ಲಿ ಸುಲಭಕ್ಕೆ ಹೋಗುವುದಿಲ್ಲ. ಅದು ನಿಮ್ಮ ಶುದ್ಧ ಟ್ಯೂಬಿನಲ್ಲಿ ಸದ್ದಿಲ್ಲದೆ ಕೂತಿರಬಹುದು. ಮುಂದೆ ಬ್ಯಾಕ್ಟೀರಿಯಾ ಪ್ರಯೋಗದಲ್ಲಿ ಅದೇ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಗ್ಯಾಲಕ್ಟೋಸಿಗೆ ಒಂದು ಬದಲಾವಣೆ

ಹಂತ 2ನ್ನು ಗ್ಯಾಲಕ್ಟೋಸಿಗೆ ಹಾಗೇ ನಕಲು ಮಾಡಬೇಡಿ. ಅಯೋಡಿನ್ ದಾರಿಯಲ್ಲಿ ಆಲ್ಫಾ ಪೆಂಟಾಅಸಿಟೇಟ್ ಜಾಸ್ತಿ ಬರುತ್ತದೆ. ಮ್ಯಾನೋಸಿಗೆ ಅದು ಅನುಕೂಲ, ಯಾಕೆಂದರೆ ಅಲ್ಲಿ ಒಂದು ಮತ್ತು ಎರಡನೇ ಕಾರ್ಬನ್ನಿನ ಅಸಿಟೈಲ್‌ಗಳು ಎದುರುಬದುರು ಇರುತ್ತವೆ, ಬಿಟ್ಟುಹೋಗುವುದು ಸುಲಭ. ಗ್ಯಾಲಕ್ಟೋಸಿನ ಆಲ್ಫಾದಲ್ಲಿ ಎರಡೂ ಒಂದೇ ಕಡೆ, ಹಂತ 3ರಲ್ಲಿ ಅದು ಅಲ್ಲಾಡುವುದೇ ಇಲ್ಲ. ಇಲ್ಲಿ ನಮಗೆ ಬೀಟಾ ಬೇಕು. ಅದಕ್ಕೆ ಹಳೇ ದಾರಿಯೇ ಸರಿ, ಅಸಿಟಿಕ್ ಅನ್‌ಹೈಡ್ರೈಡಿನಲ್ಲಿ ನೀರಿಲ್ಲದ ಸೋಡಿಯಂ ಅಸಿಟೇಟ್ ಹಾಕಿ ಕುದಿಯುವ ಹತ್ತಿರಕ್ಕೆ ಬಿಸಿ ಮಾಡಿ, ಗ್ಯಾಲಕ್ಟೋಸನ್ನು ಸ್ವಲ್ಪ ಸ್ವಲ್ಪವೇ ಹಾಕುವುದು. ಪ್ರತಿ ಸಲ ಹಾಕಿದಾಗಲೂ ಉಕ್ಕು ಇಳಿಯುವವರೆಗೆ ಕಾಯಿರಿ. ಐಸ್ ನೀರಿಗೆ ಸುರಿದರೆ ಗಟ್ಟಿಯಾಗುತ್ತದೆ, ಎಥನಾಲಿನಲ್ಲಿ ಹರಳು ಮಾಡಿ. ಕರಗುವ ಬಿಂದು ಸುಮಾರು 142 ಡಿಗ್ರಿ ಬಂದರೆ ಅದು ಬೀಟಾ. ಮುಂದಿನ ಹಂತಗಳು ಮ್ಯಾನೋಸಿನ ಹಾಗೆಯೇ.

ಹಂತ 4: ಹೊದಿಕೆ ತೆಗೆಯುವುದು

ಇದಕ್ಕೆ ಹಂಗೆರಿಯ ಗೇಝಾ ಝೆಂಪ್ಲೆನ್ ಅವರ ಹೆಸರಿದೆ. ಹಂತ 3ರಲ್ಲಿ ಸಿಕ್ಕ, ಬಾಲ ಸೇರಿ ನಾಲ್ಕು ಅಸಿಟೈಲ್ ಉಳಿದ ಟೆಟ್ರಾಅಸಿಟೇಟ್ 446 ಮಿ.ಗ್ರಾಂ., 10 ಮಿ.ಲೀ. ಒಣ ಮೆಥನಾಲ್, ಸೋಡಿಯಂ ಮೆಥಾಕ್ಸೈಡ್ ಚೂರೇ ಚೂರು. ಒದ್ದೆ ಪಿಎಚ್ ಪಟ್ಟಿಗೆ ಮುಟ್ಟಿಸಿದರೆ 9ರಿಂದ 10 ತೋರಿಸಬೇಕು. ಎರಡು ಮೂರು ಗಂಟೆ ಸಾಕು. ಟಿಎಲ್‌ಸಿಯ ದ್ರಾವಕ ಈಗ ಬದಲಾಯಿಸಿ, ಹೆಕ್ಸೇನಿನಲ್ಲಿ ಇದು ಮೇಲೇಳುವುದಿಲ್ಲ. ಡೈಕ್ಲೋರೋಮೀಥೇನ್ ಒಂಬತ್ತು ಪಾಲು, ಮೆಥನಾಲ್ ಒಂದು ಪಾಲು ಹಿಡಿಯಿರಿ.

ಮುಗಿದ ಮೇಲೆ ಆಮ್ಲ ರೆಸಿನ್ ಚಿಟಿಕೆ ಹಾಕಿ ಪಿಎಚ್ 7ಕ್ಕೆ ತಂದು ತಕ್ಷಣ ಸೋಸಿ. ರೆಸಿನ್ ಜೊತೆ ರಾತ್ರಿ ಬಿಟ್ಟುಹೋಗಬೇಡಿ. ಮೆಥನಾಲಿನಲ್ಲಿ ಆಮ್ಲ ಇದ್ದರೆ ನೀವು ಕಷ್ಟಪಟ್ಟು ಜೋಡಿಸಿದ ಬಾಲ ಕಳಚಿ ಮೀಥೈಲ್ ಸೇರಿಕೊಳ್ಳುವ ಸಾಧ್ಯತೆ ಇದೆ, ಹಂತ 1ರಲ್ಲಿ ನಾವೇ ಮಾಡಿದ ಪ್ರತಿಕ್ರಿಯೆ ಅದು. ಹೊಸ ರೆಸಿನ್ ಆದರೆ ಬಣ್ಣ ಬಿಡುವುದು ನಿಲ್ಲುವವರೆಗೆ ಮೆಥನಾಲಿನಲ್ಲಿ ತೊಳೆದು ಬಳಸಿ. ಪೂರ್ತಿ ಬಂದರೆ 278 ಮಿ.ಗ್ರಾಂ. ಹೆಪ್ಟೈಲ್ ಮ್ಯಾನೋಸೈಡ್ ಸಿಗುತ್ತದೆ.

ಹಂತ 5: ನಾನು ಮಾಡಿದ್ದು ಅದೇನಾ?

ಎನ್‌ಎಂಆರ್‌ಗೆ ಎರಡು ಸ್ಯಾಂಪಲ್ ಕಳಿಸಿ, ಹಂತ 3ರ ಕಾಲಂ ನಂತರದ್ದು ಮತ್ತು ಹಂತ 4ರ ನಂತರದ್ದು. ಮೊದಲನೆಯದರಲ್ಲಿ 2 ಪಿಪಿಎಂ ಹತ್ತಿರ ನಾಲ್ಕು ಅಸಿಟೈಲ್ ಗೆರೆಗಳು ಇರಬೇಕು. ಐದಿದ್ದರೆ ಪೆಂಟಾಅಸಿಟೇಟ್ ಉಳಿದಿದೆ. ಬಾಲದ ಮೊದಲ ಸಿಎಚ್2 ಎರಡು ಬೇರೆ ಬೇರೆ ಗುಂಪಾಗಿ ಒಡೆದು ಕಾಣುತ್ತದೆ, ಸಕ್ಕರೆಗೆ ಸೇರಿದೆ ಎಂಬುದಕ್ಕೆ ಅದು ಒಳ್ಳೆಯ ಗುರುತು. 3.6 ಹತ್ತಿರ ಅಚ್ಚುಕಟ್ಟಾದ ತ್ರಿವಳಿ ಗೆರೆ ಕಂಡರೆ ಅದು ಬಿಡಿ ಹೆಪ್ಟನಾಲ್, ಮತ್ತೆ ಕಾಲಂ ಹಾಕಿ. ಎರಡನೇ ಸ್ಯಾಂಪಲಿನಲ್ಲಿ ಆ 2 ಪಿಪಿಎಂ ಗೆರೆಗಳು ಒಂದೂ ಉಳಿದಿರಬಾರದು.

ಆಲ್ಫಾ ಬೀಟಾ ವಿಷಯದಲ್ಲಿ ಮಾತ್ರ ಹುಷಾರು. ಗ್ಲೂಕೋಸ್, ಗ್ಯಾಲಕ್ಟೋಸ್‌ಗಳಲ್ಲಿ ಒಂದು ಮತ್ತು ಎರಡನೇ ಹೈಡ್ರೋಜನ್ ನಡುವಿನ ಕಪ್ಲಿಂಗ್ (ಒಂದು ಪರಮಾಣು ಇನ್ನೊಂದರ ಗೆರೆಯನ್ನು ಎಷ್ಟು ಒಡೆಯುತ್ತದೆ ಎಂಬ ಅಳತೆ) ನೋಡಿ ಹೇಳಿಬಿಡುತ್ತೇವೆ. ಮ್ಯಾನೋಸಿನಲ್ಲಿ ಆ ಸಂಖ್ಯೆ ಎರಡರಲ್ಲೂ ಸಣ್ಣದೇ, ಅದನ್ನು ನಂಬಿ ಬರೆದರೆ ತಪ್ಪಾಗುತ್ತದೆ. ಒಂದನೇ ಕಾರ್ಬನ್ ಮತ್ತು ಅದರದೇ ಹೈಡ್ರೋಜನ್ ನಡುವಿನ ಕಪ್ಲಿಂಗ್ ಅಳೆಯಲು ಹೇಳಿ. ಸುಮಾರು 170 ಹರ್ಟ್ಸ್ ಬಂದರೆ ಆಲ್ಫಾ, 160 ಹತ್ತಿರ ಬಂದರೆ ಬೀಟಾ. ಸ್ಯಾಂಪಲ್ ಕಳಿಸುವಾಗಲೇ ಇದನ್ನು ಬರೆದು ಕೇಳಿ, ಇಲ್ಲದಿದ್ದರೆ ಸಾಮಾನ್ಯವಾಗಿ ಹೈಡ್ರೋಜನ್ ಕಪ್ಲಿಂಗ್ ಅಳಿಸಿದ ಕಾರ್ಬನ್ ಸ್ಪೆಕ್ಟ್ರಂ ಕೊಟ್ಟುಬಿಡುತ್ತಾರೆ, ಅದರಲ್ಲಿ ಈ ಸಂಖ್ಯೆ ಕಾಣುವುದಿಲ್ಲ.

ಹಂತ 6: ಬ್ಯಾಕ್ಟೀರಿಯಾಕ್ಕೆ ಎಳೆ ಬರಿಸುವುದು

ಕೆಮಿಸ್ಟ್ರಿಯವರು ಎಡವುವುದು ಇಲ್ಲಿ. ಅಣು ಚೆನ್ನಾಗಿರುತ್ತದೆ, ಬ್ಯಾಕ್ಟೀರಿಯಾದಲ್ಲಿ ಎಳೆಯೇ ಇರುವುದಿಲ್ಲ.

ಆಸ್ಪತ್ರೆಯ ಮೂತ್ರದ ಸ್ಯಾಂಪಲಿನಿಂದ ಇ. ಕೋಲಿ ತರಬೇಡಿ, ಅದು ರೋಗ ತರುವಂಥದ್ದು, ನಮ್ಮ ಲ್ಯಾಬ್‌ಗಳಿಗೆ ತಕ್ಕದ್ದಲ್ಲ. ಕೆ-12 ವರ್ಗದ ನಿರುಪದ್ರವಿ ತಳಿ ಸಾಕು, ಎಂಜಿ1655ರಲ್ಲಿ ಫಿಂಬ್ರಿಯಾದ ಜೀನ್‌ಗಳು ಇವೆ. ತಳಿಗಳಿಗಾಗಿ ಚಂಡೀಗಢದ ಎಂಟಿಸಿಸಿ ಸಂಗ್ರಹವನ್ನು ವಿಚಾರಿಸಬಹುದು. ಕೆಲಸವನ್ನು ಮೈಕ್ರೋಬಯಾಲಜಿ ವಿಭಾಗದವರ ಜೊತೆಗೂಡಿ ಮಾಡಿ.

ಎಲ್‌ಬಿ ಎಂಬ ಪೋಷಕ ದ್ರವದಲ್ಲಿ 37 ಡಿಗ್ರಿಗೆ, ಅಲ್ಲಾಡಿಸದೆ, 24ರಿಂದ 48 ಗಂಟೆ ಬೆಳೆಸಿ. ಅದರಿಂದ ಸ್ವಲ್ಪ ತೆಗೆದು ಹೊಸ ದ್ರವಕ್ಕೆ ಹಾಕಿ ಮತ್ತೆ ಅದೇ ರೀತಿ. ಅಲ್ಲಾಡಿಸದೆ ಎಂದು ಒತ್ತಿ ಹೇಳುತ್ತಿದ್ದೇನೆ. ಇ. ಕೋಲಿ ಈ ಎಳೆಗಳನ್ನು ಸ್ವಿಚ್ ಹಾಕಿದ ಹಾಗೆ ಬರಿಸುತ್ತದೆ, ಆರಿಸುತ್ತದೆ. ಶೇಕರಿನಲ್ಲಿ ಅಥವಾ ಅಗಾರ್ ತಟ್ಟೆಯಲ್ಲಿ ಬೆಳೆದವು ಹೆಚ್ಚಾಗಿ ಆರಿಸಿಕೊಂಡಿರುತ್ತವೆ. ನಾನು ಶುರುವಿನಲ್ಲಿ ಶೇಕರಿನಲ್ಲಿ ಬೆಳೆಸಿ ಮೂರು ವಾರ ಕಳೆದುಕೊಂಡೆ, ಅಣುವಿನ ಮೇಲೆ ಅನುಮಾನ ಪಟ್ಟು ಎರಡು ಸಲ ಹೊಸದಾಗಿ ಮಾಡಿದೆ. ತಪ್ಪು ಅಣುವಿನಲ್ಲಿ ಇರಲಿಲ್ಲ. ಬೆಳೆದ ದ್ರವವನ್ನು ವೋರ್ಟೆಕ್ಸಿನಲ್ಲಿ ಜೋರಾಗಿ ತಿರುಗಿಸಲೂಬೇಡಿ, ಎಳೆಗಳು ಮುರಿದುಹೋಗುತ್ತವೆ.

ಹಂತ 7: ಬೇಕರಿ ಯೀಸ್ಟ್ ಪರೀಕ್ಷೆ

ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಬ್ರೆಡ್ಡಿಗೆ ಹಾಕುವ ಒಣ ಯೀಸ್ಟ್ ಪೊಟ್ಟಣ ಯಾವ ಊರಿನಲ್ಲೂ ಸಿಗುತ್ತದೆ. ಯೀಸ್ಟಿನ ಗೋಡೆಯ ತುಂಬಾ ಮ್ಯಾನೋಸಿನ ಸರಪಳಿಗಳು, ಅದಕ್ಕೆ ಮ್ಯಾನನ್ ಎಂದು ಹೆಸರು. ಬಫರಿನಲ್ಲಿ ತೊಳೆದು ಶೇ. 1ರಷ್ಟು ತೆಳ್ಳಗೆ ಕಲಸಿ. ಗಾಜಿನ ಸ್ಲೈಡಿನ ಮೇಲೆ ಯೀಸ್ಟ್ ಒಂದು ಹನಿ, ದಟ್ಟ ಬ್ಯಾಕ್ಟೀರಿಯಾ ಒಂದು ಹನಿ. ಮೆಲ್ಲಗೆ ಓಲಾಡಿಸಿ. ಎಳೆ ಇದ್ದರೆ ಒಂದೆರಡು ನಿಮಿಷದಲ್ಲಿ ಮೊಸರು ಒಡೆದ ಹಾಗೆ ಗಂಟುಗಂಟಾಗುತ್ತದೆ. ಅದೇ ಪರೀಕ್ಷೆಯನ್ನು ಮ್ಯಾನೋಸ್ ಸೇರಿಸಿ ಮಾಡಿ, ಗಂಟು ಕಟ್ಟಬಾರದು. ಮ್ಯಾನೋಸ್ ಹಾಕಿದರೂ ಗಂಟು ಕಟ್ಟಿದರೆ ಅದು ಬೇರೆ ಕಾರಣದ ಅಂಟುವಿಕೆ, ಆ ಬ್ಯಾಚ್ ಬಿಟ್ಟುಬಿಡಿ.

ಬಣ್ಣದ ಗಾಢತೆ ಓದುವ ಪ್ಲೇಟ್ ರೀಡರ್ ಇಲ್ಲದ ಕಾಲೇಜಿನವರು ಇದರಲ್ಲೇ ಪ್ರಾಜೆಕ್ಟ್ ಮುಗಿಸಬಹುದು. ನಿಮ್ಮ ಅಣುವನ್ನು ಅರ್ಧ ಅರ್ಧ ತೆಳ್ಳಗೆ ಮಾಡುತ್ತಾ ಹೋಗಿ, ಗಂಟನ್ನು ತಡೆಯುವ ಅತಿ ಕಡಿಮೆ ಪ್ರಮಾಣ ಯಾವುದು ಎಂದು ಮೂರೂ ಅಣುಗಳಿಗೆ ಬರೆಯಿರಿ. ಬ್ಯಾಕ್ಟೀರಿಯಾವನ್ನು ಮೊದಲು ಅಣುವಿನ ಜೊತೆ ಹತ್ತು ನಿಮಿಷ ಬಿಟ್ಟು ಆಮೇಲೆ ಯೀಸ್ಟ್ ಸೇರಿಸಿ, ಮೂರಕ್ಕೂ ಇದೇ ಕ್ರಮ ಇರಲಿ.

ಹಂತ 8: ಮೇಲ್ಮೈಗೆ ಅಂಟುವುದನ್ನು ಅಳೆಯುವುದು

96 ಗುಳಿಗಳ ಪಾಲಿಸ್ಟೈರೀನ್ ಪ್ಲೇಟ್ ತೆಗೆದುಕೊಳ್ಳಿ. ಯೀಸ್ಟ್ ಮ್ಯಾನನ್ನನ್ನು ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ, ಮಿ.ಲೀ.ಗೆ 1 ಮಿ.ಗ್ರಾಂ. ಲೆಕ್ಕದಲ್ಲಿ ಕರಗಿಸಿ, ಪ್ರತಿ ಗುಳಿಗೆ 100 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ. ಬೆಳಿಗ್ಗೆ ತೊಳೆದು, ಖಾಲಿ ಉಳಿದ ಪ್ಲಾಸ್ಟಿಕ್ ಜಾಗವನ್ನು ಶೇ. 1ರ ಪಾಲಿವಿನೈಲ್ ಆಲ್ಕೋಹಾಲಿನಿಂದ ಮುಚ್ಚಿ. ಖರ್ಚು ಉಳಿಸಲು ಹಾಲಿನ ಪುಡಿಯನ್ನೋ ಮೊಟ್ಟೆಯ ಬಿಳಿಯ ಪ್ರೋಟೀನನ್ನೋ ಬಳಸಬೇಡಿ. ಅವುಗಳಲ್ಲಿ ಸಕ್ಕರೆ ಹೊತ್ತ ಪ್ರೋಟೀನ್‌ಗಳಿವೆ, ಮೊಟ್ಟೆಯದ್ದರಲ್ಲಂತೂ ಮ್ಯಾನೋಸೇ ಇದೆ. ಬ್ಯಾಕ್ಟೀರಿಯಾ ಅದಕ್ಕೇ ಅಂಟಿಕೊಂಡರೆ ನಿಮ್ಮ ಲೆಕ್ಕವೆಲ್ಲಾ ಕೆಟ್ಟಿತು.

ಮೀಥೈಲ್ ಮ್ಯಾನೋಸೈಡಿಗೆ 100 ಮಿಲಿಮೋಲಾರ್ ದ್ರಾವಣ ಮಾಡಿಟ್ಟುಕೊಳ್ಳಿ, ಅಂದರೆ 1 ಮಿ.ಲೀ.ಗೆ 19.4 ಮಿ.ಗ್ರಾಂ. ಹೆಪ್ಟೈಲ್ ಅಣುಗಳಿಗೆ 10 ಮಿಲಿಮೋಲಾರ್ ಸಾಕು, 1 ಮಿ.ಲೀ.ಗೆ 2.78 ಮಿ.ಗ್ರಾಂ. ಇವನ್ನು ಗುಳಿಗಳಲ್ಲಿ ಸಾಲಾಗಿ ತೆಳ್ಳಗೆ ಮಾಡುತ್ತಾ ಹೋಗಿ, 600 ನ್ಯಾನೋಮೀಟರಿನಲ್ಲಿ 0.4 ಓದು ಬರುವಷ್ಟು ಬ್ಯಾಕ್ಟೀರಿಯಾ ಸೇರಿಸಿ, 37 ಡಿಗ್ರಿಗೆ ಒಂದು ಗಂಟೆ ಬಿಡಿ. ಬಫರಿನಿಂದ ಮೂರು ಸಲ ತೊಳೆಯಿರಿ. ಶೇ. 0.1ರ ಕ್ರಿಸ್ಟಲ್ ವಯಲೆಟ್ ಹಾಕಿ ಕಾಲು ಗಂಟೆ, ಮತ್ತೆ ತೊಳೆದು, ಶೇ. 30ರ ಅಸಿಟಿಕ್ ಆಮ್ಲದಲ್ಲಿ ಬಣ್ಣ ಕರಗಿಸಿ, 590 ನ್ಯಾನೋಮೀಟರಿನಲ್ಲಿ ಓದಿ.

ತೊಳೆಯುವ ಕೈ ಒಬ್ಬರದೇ ಇರಲಿ. ಒಬ್ಬರು ಜೋರಾಗಿ, ಇನ್ನೊಬ್ಬರು ಮೆಲ್ಲಗೆ ತೊಳೆದರೆ ಅಂಕಿ ಕೂಡುವುದೇ ಇಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಫಿಮ್‌ಎಚ್ ಹಿಡಿತ ಹಸುವಿನ ಕೊರಳಿನ ಕುಣಿಕೆಯ ಹಾಗೆ, ಎಳೆದಷ್ಟೂ ಬಿಗಿ. ನೀರಿನ ಹರಿವು ಎಳೆದಾಗ ಅದು ಸಡಿಲವಾಗುವ ಬದಲು ಗಟ್ಟಿಯಾಗುತ್ತದೆ ಎಂದು 2002ರಲ್ಲಿ ತೋರಿಸಿದರು. ಮೂತ್ರ ಹರಿಯುವ ಜಾಗದಲ್ಲಿ ಈ ಬ್ಯಾಕ್ಟೀರಿಯಾ ನೆಲೆ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಪಿಪೆಟ್ಟಿನಿಂದ ಗುಳಿಯ ಗೋಡೆಗೆ ಬಿಡಿ, ತಳಕ್ಕೆ ಚಿಮ್ಮಿಸಬೇಡಿ.

ಪ್ರತಿ ಪ್ಲೇಟಿನಲ್ಲೂ ಇವು ಇರಲಿ: ಬ್ಯಾಕ್ಟೀರಿಯಾ ಇಲ್ಲದ ಗುಳಿ, ಮ್ಯಾನನ್ ಇಲ್ಲದ ಗುಳಿ, ತಡೆಯುವ ಅಣು ಇಲ್ಲದ ಗುಳಿ. ಪ್ರತಿ ಪ್ರಮಾಣಕ್ಕೆ ಮೂರು ಗುಳಿ. ಇಡೀ ಪ್ರಯೋಗ ಮೂರು ಬೇರೆ ದಿನ, ಮೂರು ಬೇರೆ ಬೆಳೆಯಿಂದ. ಒಂದೇ ದಿನದ ಮೂರು ಗುಳಿಗಳನ್ನು ಮೂರು ಪ್ರಯೋಗ ಎಂದು ಬರೆಯಬಾರದು. ಅಂಚಿನ ಗುಳಿಗಳು ನಮ್ಮ ಒಣ ಹವೆಗೆ ಬೇಗ ಆರುತ್ತವೆ, ಅಲ್ಲಿ ಸುಮ್ನೆ ಬಫರ್ ತುಂಬಿ ಬಿಡಿ.

ಈಗ ಮೂರು ಗೆರೆಗಳನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಹೆಪ್ಟೈಲ್ ಮ್ಯಾನೋಸೈಡಿನ ಐಸಿ50 ಮೀಥೈಲಿಗಿಂತ ತುಂಬಾ ಕಡಿಮೆ ಇರಬೇಕು. ಪ್ಲೇಟಿನಲ್ಲಿ ಸಿಗುವ ಸಂಖ್ಯೆ ಶುದ್ಧ ಪ್ರೋಟೀನಿನ ಮೇಲೆ ಅಳೆದ ಸಂಖ್ಯೆಯ ಹಾಗೆ ಬರುವುದಿಲ್ಲ, ಬ್ಯಾಕ್ಟೀರಿಯಾ ನೂರಾರು ಎಳೆಗಳಿಂದ ಒಟ್ಟಿಗೆ ಹಿಡಿದಿರುತ್ತದೆ. ಅದಕ್ಕೆ ಐಸಿ50 ಅನ್ನು ಒಂಟಿಯಾಗಿ ಬರೆಯದೆ ಅದೇ ಪ್ಲೇಟಿನ ಮೀಥೈಲ್ ಮ್ಯಾನೋಸೈಡಿಗಿಂತ ಎಷ್ಟು ಪಟ್ಟು ಎಂದು ಬರೆಯಿರಿ. ಹೆಪ್ಟೈಲ್ ಗ್ಯಾಲಕ್ಟೋಸೈಡಿನ ಗೆರೆ ಮಟ್ಟಸವಾಗಿರಬೇಕು. ಅದು ಯಾವ ಪ್ರಮಾಣದಿಂದ ಕೆಳಗೆ ಬಾಗಲು ಶುರುವಾಗುತ್ತದೋ ಅಲ್ಲಿಂದ ಮುಂದೆ ಬಾಲದ ಸೋಪಿನ ಗುಣ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ. ಆ ಪ್ರಮಾಣಕ್ಕಿಂತ ಮೇಲಿನ ಹೆಪ್ಟೈಲ್ ಮ್ಯಾನೋಸೈಡ್ ಅಂಕಿಗಳನ್ನು ವರದಿಯಲ್ಲಿ ಸಕ್ಕರೆಯ ಲೆಕ್ಕಕ್ಕೆ ಹಾಕಬೇಡಿ.

ಬಳಸಿದ ಪ್ಲೇಟು, ಸ್ಲೈಡು, ದ್ರವ ಎಲ್ಲವೂ ಆಟೋಕ್ಲೇವಿಗೆ, 121 ಡಿಗ್ರಿ, ಕನಿಷ್ಠ 20 ನಿಮಿಷ. ಡೈಕ್ಲೋರೋಮೀಥೇನಿನ ತ್ಯಾಜ್ಯ ಬೇರೆ ಬಾಟಲಿಗೆ, ಸಿಂಕಿಗೆ ಬೇಡ. ಉಳಿದ ಅಣುಗಳನ್ನು ಚೆನ್ನಾಗಿ ಒಣಗಿಸಿ, ಬಿಗಿಯಾಗಿ ಮುಚ್ಚಿ, ಹೆಸರು, ತಾರೀಕು, ಬ್ಯಾಚ್ ಸಂಖ್ಯೆ ಬರೆದು ಫ್ರೀಜರಿನಲ್ಲಿಡಿ. ಮುಂದಿನ ವರ್ಷ ಬರುವ ತಂಗಿಯೋ ತಮ್ಮನೋ ಅಲ್ಲಿಂದಲೇ ಶುರು ಮಾಡಬಹುದು.